ಕಪ್ಪತಗುಡ್ಡದ ನಡಿಗೆ ಮತ್ತು ದೇಹಾರೋಗ್ಯ

ಮಳೆಗಾಲ ಮುಗಿದು ಕಾರ್ತಿಕ ಮಾಸ ಕಾಲಿಡುತ್ತಿದ್ದಂತೆ ನಮ್ಮ ಚಿಕಿತ್ಸಾಲಯಕ್ಕೆ ಬರುವ ಭಕ್ತರಲ್ಲಿ ಅನೇಕರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. "ಡಾಕ್ಟ್ರ, ಕಪ್ಪತಗುಡ್ಡಕ್ಕ ಹೋಗಿ ಬರಬೇಕಂತ ಮಾಡೇವ್ರಿ, ನಮ್ಮ ಮೊಣಕಾಲು ತಡೀತಾವೇನ್ರಿ?" ಎಂಬುದು ಮೊದಲನೆಯದು. "ಬರೂ ಮುಂದ ಯಾವ ಬೇರು, ಯಾವ ತಪ್ಪಲ ತರೂಣ್ರಿ?" ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಈ ಲೇಖನದಲ್ಲಿ ವಿವರವಾಗಿ ಉತ್ತರಿಸುತ್ತೇವೆ. ಎರಡನೆಯದಕ್ಕೆ ನಾವು ಹಲವು ವರ್ಷ ಕೊಡುತ್ತ ಬಂದಿದ್ದ ಉತ್ತರವನ್ನು ಮಾತ್ರ ಇಂದು ಹಿಂದಕ್ಕೆ ಪಡೆಯಬೇಕಾಗಿದೆ. ಅದಕ್ಕೆ ಕಾರಣವನ್ನೂ ಮುಂದೆ ಹೇಳುತ್ತೇವೆ.

ಗುಡ್ಡದ ಪರಿಚಯ

ಗದಗ ಸಮೀಪದ ಬಿಂಕದಕಟ್ಟಿಯಿಂದ ಮೊದಲ್ಗೊಂಡು ಮುಂಡರಗಿ ತಾಲೂಕಿನ ಸಿಂಗಟಾಲೂರಿನ ಕಡೆಗೆ, ತುಂಗಭದ್ರೆಯ ದಂಡೆಯವರೆಗೆ ಹಬ್ಬಿರುವ ಬೆಟ್ಟಸಾಲೇ ಕಪ್ಪತಗುಡ್ಡ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ಬಯಲುನಾಡಿನ ನಡುವೆ ಎದ್ದು ನಿಂತ ಈ ಗುಡ್ಡವನ್ನು ಜನರು ಉತ್ತರ ಕರ್ನಾಟಕದ ಸಹ್ಯಾದ್ರಿ ಎಂದು ಅಭಿಮಾನದಿಂದ ಕರೆಯುತ್ತಾರೆ. ಇದು ಮಲೆನಾಡಿನಂತೆ ದಟ್ಟವಾದ ಕಾಡಲ್ಲ. ಕುರುಚಲು ಗಿಡಗಳ, ಹುಲ್ಲುಗಾವಲಿನ, ಕೆಂಪು ಕಲ್ಲುಮಣ್ಣಿನ ಕಾಡು. ಆದರೆ ತಂಗಡಿ, ಬಂದರಿಕೆ, ಕಕ್ಕೆ, ನೆಲ್ಲಿ, ಅಮೃತಬಳ್ಳಿ, ಮಧುನಾಶಿನಿ, ಶತಾವರಿ, ಸೊಗದೆ ಮುಂತಾದ ಔಷಧೀಯ ಸಸ್ಯಗಳಿಗೆ ಇದು ತವರುಮನೆ.

ಗಣಿಗಾರಿಕೆಯ ಭೀತಿ ಈ ಗುಡ್ಡವನ್ನು ಬಹುಕಾಲ ಕಾಡಿತು. 2017ರಲ್ಲಿ ಗದಗಿನಲ್ಲಿ ನಡೆದ ಕಪ್ಪತಗುಡ್ಡ ಉಳಿಸುವ ಹೋರಾಟದಲ್ಲಿ ಲಿಂಗೈಕ್ಯ ಪೂಜ್ಯ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಮುಂಚೂಣಿಯಲ್ಲಿ ನಿಂತದ್ದನ್ನು ನಮ್ಮ ಭಾಗದ ಭಕ್ತರು ಮರೆತಿಲ್ಲ. 2019ರಲ್ಲಿ ಸರಕಾರವು ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಆದ್ದರಿಂದ ನಾವು ಇಂದು ಕಾಲಿಡುವ ಕಪ್ಪತಗುಡ್ಡವು ಅನೇಕರ ಶ್ರಮದಿಂದ ಉಳಿದ ಗುಡ್ಡವೆಂಬ ಅರಿವು ನಮಗಿರಬೇಕು.

ಶಾಸ್ತ್ರ ಹೇಳುವ ನಡಿಗೆ

ಆಯುರ್ವೇದವು ವ್ಯಾಯಾಮವನ್ನು ಹೊಗಳುತ್ತದೆ, ಜೊತೆಗೆ ಅದಕ್ಕೆ ಮಿತಿಯನ್ನೂ ಹಾಕುತ್ತದೆ. ಬಲವಂತರೂ ಸಹ ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಮಾಡಬೇಕು ಎಂಬುದು ಅಷ್ಟಾಂಗಹೃದಯದ ವಿಧಿ. ವೃದ್ಧರು, ಬಾಲಕರು, ಅಜೀರ್ಣದಿಂದ ಬಳಲುವವರು ವ್ಯಾಯಾಮವನ್ನು ಬಿಡಬೇಕೆಂದೂ ಅದು ಹೇಳುತ್ತದೆ. ಇದನ್ನು ಓದಿ ಹಿರಿಯರು ನಿರಾಶರಾಗಬೇಕಿಲ್ಲ. ದೇಹಕ್ಕೆ ಹೆಚ್ಚು ಪೀಡೆ ಕೊಡದ ನಡಿಗೆಯನ್ನು ಸುಶ್ರುತಾಚಾರ್ಯರು 'ಚಂಕ್ರಮಣ'ವೆಂದು ಬೇರೆಯಾಗಿಯೇ ಹೇಳಿದ್ದಾರೆ. ಅದು ಆಯುಷ್ಯ, ಬಲ, ಮೇಧಾಶಕ್ತಿ, ಜಠರಾಗ್ನಿಗಳನ್ನು ಹೆಚ್ಚಿಸಿ ಇಂದ್ರಿಯಗಳನ್ನು ಎಚ್ಚರಗೊಳಿಸುತ್ತದೆ ಎಂಬುದು ಅವರ ಮತ. ಗುಡ್ಡದ ಹಗುರ ನಡಿಗೆ ಈ ಚಂಕ್ರಮಣದ ಸಾಲಿಗೇ ಸೇರಬೇಕು.

ಅರ್ಧಶಕ್ತಿಯನ್ನು ಅಳೆಯುವುದು ಹೇಗೆ? ಉಸಿರು ಮೂಗನ್ನು ಬಿಟ್ಟು ಬಾಯಿಗೆ ಬಂದಾಗ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡುವುದು, ಬಾಯಿ ಒಣಗುವುದು ಇದರ ಇತರ ಲಕ್ಷಣಗಳು. ನಮ್ಮ ರೋಗಿಗಳಿಗೆ ನಾವು ಇನ್ನೂ ಸರಳವಾದ ಒಂದು ಪರೀಕ್ಷೆಯನ್ನು ಹೇಳುತ್ತೇವೆ. ನಡೆಯುತ್ತ ಷಡಕ್ಷರಿ ಮಂತ್ರವನ್ನು ಬಾಯಿಬಿಟ್ಟು ಜಪಿಸಿರಿ. ಮಂತ್ರವು ನಡುವೆ ತುಂಡಾಗದೆ ಸಾಗುವವರೆಗೆ ನಿಮ್ಮ ನಡಿಗೆ ಸರಿಯಾದ ಅಳತೆಯಲ್ಲಿದೆ. ತುಂಡಾದರೆ ಅಲ್ಲಿಯೇ ಕುಳಿತುಕೊಳ್ಳಿರಿ.

ಮೂರು ನಡಿಗೆಗಳು

ಮೊದಲನೆಯದು ತಪ್ಪಲಿನ ನಡಿಗೆ. ಗದಗಿನಿಂದ ಡಂಬಳದ ಮೇಲೆ ಹಾಯ್ದು ಡೋಣಿಗೆ ಬಂದರೆ ಗುಡ್ಡದ ಮಡಿಲು ಸಿಗುತ್ತದೆ. ನಂದಿವೇರಿ ಮಠವೂ ಇದೇ ಭಾಗದಲ್ಲಿದೆ. ಮೊಣಕಾಲು ನೋವಿರುವವರು, ಬಹಳ ದಿನ ನಡೆಯದೇ ಇದ್ದವರು ಮೊದಲ ಸಲ ಏರುವ ಗೊಡವೆಗೆ ಹೋಗದೆ ಬುಡದಲ್ಲಿಯೇ, ಸಮತಟ್ಟಾದ ಹಾದಿಯಲ್ಲಿ ಇಪ್ಪತ್ತು ನಿಮಿಷ ಹೋಗಿ ಇಪ್ಪತ್ತು ನಿಮಿಷ ಮರಳಲಿ. ಅಷ್ಟರಲ್ಲಿಯೇ ನೆಲದ ಬಣ್ಣ, ಗಿಡಗಳ ವಾಸನೆ, ಹಕ್ಕಿಗಳ ಕೂಗು ಮನಸ್ಸಿಗೆ ಹಿತ ನೀಡುತ್ತವೆ.

ಎರಡನೆಯದು ಕಪ್ಪತಮಲ್ಲಯ್ಯನ ಸನ್ನಿಧಿಯ ನಡಿಗೆ. ವಾಹನದಲ್ಲಿ ಬಂದವರೂ ಸ್ವಲ್ಪ ಮೊದಲೇ ಇಳಿದು ಉಳಿದ ದಾರಿಯನ್ನು ನಡೆದೇ ಸಾಗಿದರೆ ದರ್ಶನವೂ ಆಯಿತು, ಚಂಕ್ರಮಣವೂ ಆಯಿತು. ದಿನಾಲು ಅರ್ಧ ತಾಸು ನಡೆಯುವ ರೂಢಿಯುಳ್ಳ ಹಿರಿಯರಿಗೆ ಇದು ತಕ್ಕದ್ದು.

ಮೂರನೆಯದು ಗಾಳಿಗುಂಡಿ ಬಸವಣ್ಣನ ಕಡೆಗೆ ಮೇಲೇರುವ ನಡಿಗೆ. ಹೆಸರೇ ಹೇಳುವಂತೆ ಅಲ್ಲಿ ಗಾಳಿಯ ರಭಸ ಹೆಚ್ಚು. ಕಿವಿಗೆ ವಸ್ತ್ರ ಕಟ್ಟಿಕೊಳ್ಳುವುದು ಲೇಸು. ಒಂದು ತಿಂಗಳಾದರೂ ಮನೆಯ ಹತ್ತಿರ ನಡೆದು ರೂಢಿ ಮಾಡಿಕೊಂಡವರು ಮಾತ್ರ ಇದಕ್ಕೆ ಮನಸ್ಸು ಮಾಡಲಿ. ಏರುವಾಗ ಎದೆಗೆ ಶ್ರಮ, ಇಳಿಯುವಾಗ ಮೊಣಕಾಲಿಗೆ ಶ್ರಮ ಎಂಬುದನ್ನು ನೆನಪಿಡಬೇಕು. ಇಳಿಯುವಾಗ ಚಿಕ್ಕ ಹೆಜ್ಜೆ ಇಡಿರಿ. ಒಂದು ಮೊಣಕಾಲಿನಲ್ಲಿ ಮಾತ್ರ ನೋವಿದ್ದರೆ ಅದರ ಎದುರು ಬದಿಯ ಕೈಯಲ್ಲಿ ಕೋಲು ಹಿಡಿಯಿರಿ.

ನಾವು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಮಧುಮೇಹವಿದ್ದ ಹಿರಿಯ ಭಕ್ತರೊಬ್ಬರು ಗುಡ್ಡಕ್ಕೆ ಹೊರಟಿದ್ದರು. "ಅಲ್ಲಿ ಮಧುನಾಶಿನಿ ಬಳ್ಳಿ ಸಿಗುತ್ತದೆ, ಎಲೆ ಜಗಿದರೆ ನಾಲಿಗೆಗೆ ಸಕ್ಕರೆಯ ರುಚಿಯೇ ತಿಳಿಯದು, ನೋಡಿ ಬನ್ನಿ" ಎಂದು ನಾವೇ ಉತ್ಸಾಹದಿಂದ ಹೇಳಿ ಕಳುಹಿಸಿದೆವು. ಅವರು ಮುಂಜಾನೆ ಎಂದಿನಂತೆ ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದರು. ದರ್ಶನವಾಗುವವರೆಗೆ ಉಪವಾಸವೆಂದು ಏನನ್ನೂ ತಿನ್ನಲಿಲ್ಲ. ಗುಡ್ಡ ಏರಿದರು. ದಾರಿಯಲ್ಲಿ ಎಲೆಗಳನ್ನು ಜಗಿದರು, ಮನೆಗೆಂದು ಬಳ್ಳಿಯನ್ನೇ ಕಿತ್ತು ಚೀಲ ತುಂಬಿಕೊಂಡರು. ಇಳಿಯುವಾಗ ಕೈಕಾಲು ನಡುಗಿ, ಮೈಯೆಲ್ಲ ತಣ್ಣನೆ ಬೆವೆತು, ಕಣ್ಣು ಕತ್ತಲಿಟ್ಟು ಕುಸಿದರು. ಜೊತೆಗಿದ್ದ ತಾಯಿಯೊಬ್ಬರು ಚೀಲದಲ್ಲಿದ್ದ ಬೆಲ್ಲವನ್ನು ನೀರಿನಲ್ಲಿ ಕದಡಿ ಕುಡಿಸಿದ್ದರಿಂದ ಅನಾಹುತ ತಪ್ಪಿತು.

ಆಗ ನಡೆದದ್ದು ರಕ್ತದ ಸಕ್ಕರೆ ತೀರ ಇಳಿದುಹೋದ ಸ್ಥಿತಿ. ಗುಳಿಗೆ, ಉಪವಾಸ, ಏರುವ ಶ್ರಮ ಈ ಮೂರೂ ಕೂಡಿದರೆ ಎಲೆಯ ಹಂಗಿಲ್ಲದೆಯೇ ಹೀಗಾಗಬಲ್ಲದು. ಎಲೆಯು ಅದಕ್ಕೆ ಇನ್ನಷ್ಟು ಸೇರಿಸಬಹುದು. ಗುಣವನ್ನು ಹೇಳಿದ ನಾವು ಎಚ್ಚರವನ್ನು ಹೇಳಲಿಲ್ಲ. ಗಿಡದ ರೂಪ ಮತ್ತು ಹೆಸರು ಕುರಿ, ಮೇಕೆ, ದನ ಕಾಯುವವರಿಗೂ ಗೊತ್ತಿರುತ್ತದೆ, ಅದನ್ನು ಕಾಲ, ಪ್ರಮಾಣ, ರೋಗಿಯ ಸ್ಥಿತಿ ನೋಡಿ ಯೋಜಿಸಬಲ್ಲವನೇ ವೈದ್ಯ ಎಂದು ಚರಕಾಚಾರ್ಯರು ಹೇಳಿದ್ದನ್ನು ಓದಿಯೂ ಆ ದಿನ ಮರೆತಿದ್ದೆವು. ಅವರು ಮೂರು ದಿನದ ಮೇಲೆ ಆ ಚೀಲವನ್ನು ನಮ್ಮ ಮುಂದೆ ಇಟ್ಟರು. ಬೇರುಸಹಿತ ಕಿತ್ತ ಬಳ್ಳಿ ಬಾಡಿ ಕಪ್ಪಾಗಿತ್ತು. ಅದು ಅವರಿಗೂ ಔಷಧವಾಗಲಿಲ್ಲ, ಗುಡ್ಡಕ್ಕೂ ಉಳಿಯಲಿಲ್ಲ.

ಅಂದಿನಿಂದ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ ಒಂದೇ. ಗುಡ್ಡದಿಂದ ಏನನ್ನೂ ತರಬೇಡಿರಿ. ವನ್ಯಜೀವಿಧಾಮದಿಂದ ಅನುಮತಿಯಿಲ್ಲದೆ ಸಸ್ಯ ಕೀಳುವುದು ಕಾನೂನಿಗೂ ವಿರುದ್ಧ. ಸೊಗದೆ, ಶತಾವರಿಗಳಲ್ಲಿ ಔಷಧವಿರುವುದು ಬೇರಿನಲ್ಲಿ, ಆದ್ದರಿಂದ ಅವನ್ನು ಕೀಳುವುದೆಂದರೆ ಗಿಡವನ್ನೇ ಕಳೆಯುವುದು. ಅಮೃತಬಳ್ಳಿ ಬೇಕಾದವರು ಪರಿಚಯದವರ ಮನೆಯಿಂದ ಒಂದು ಗೇಣು ಕಾಂಡ ತಂದು ಹಿತ್ತಲಿನ ಬೇವಿನ ಮರದ ಬುಡದಲ್ಲಿ ನೆಡಲಿ, ತಾನಾಗಿಯೇ ಹಬ್ಬುತ್ತದೆ. ಮಧುನಾಶಿನಿ, ಶತಾವರಿಗಳ ಸಸಿಗಳನ್ನು ಸಸ್ಯಪಾಲನಾಲಯಗಳಲ್ಲಿ ಕೇಳಿ ತಂದು ಬೆಳೆಸಬಹುದು. ಸೇವಿಸುವುದು ಮಾತ್ರ ವೈದ್ಯರನ್ನು ಕೇಳಿದ ಮೇಲೆಯೇ.

ಹೊರಡುವ ಮುನ್ನ

ಹೇಮಂತ, ಶಿಶಿರ ಋತುಗಳು, ಅಂದರೆ ಕಾರ್ತಿಕ ಕಳೆದು ಫಾಲ್ಗುಣದವರೆಗಿನ ಕಾಲ ಈ ನಡಿಗೆಗೆ ಪ್ರಶಸ್ತ. ಬೇಸಿಗೆಯಲ್ಲಿ ಬಿಸಿಲೂ ಹೆಚ್ಚು, ಒಣಹುಲ್ಲಿಗೆ ಬೆಂಕಿ ತಗಲುವ ಭಯವೂ ಹೆಚ್ಚು. ಬೀಡಿ, ಕರ್ಪೂರ, ಊದಿನಕಡ್ಡಿಗಳ ಒಂದು ಕಿಡಿ ಸಾಕು.

ಹಿಂದಿನ ರಾತ್ರಿ ಬೆಚ್ಚಗಿನ ಎಳ್ಳೆಣ್ಣೆಯನ್ನು ಮೊಣಕಾಲಿಗೂ ಅಂಗಾಲಿಗೂ ತಿಕ್ಕಿಕೊಳ್ಳಿರಿ. ಮುಂಜಾನೆ ಅಂಗಾಲನ್ನು ಚೆನ್ನಾಗಿ ತೊಳೆದುಕೊಳ್ಳಿರಿ, ಇಲ್ಲವಾದರೆ ಪಾದರಕ್ಷೆಯಲ್ಲಿ ಕಾಲು ಜಾರುತ್ತದೆ. ಲಿಂಗಪೂಜೆ ಮುಗಿಸಿ, ಹಗುರವಾದ ಉಪಾಹಾರ ಮಾಡಿ ಹೊರಡಿರಿ. ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನ ಉಪವಾಸ ಮಾಡಲೇಬಾರದು. ಕಿಸೆಯಲ್ಲಿ ಬೆಲ್ಲ ಅಥವಾ ಸಕ್ಕರೆ ಇರಲೇಬೇಕು. ಪ್ರಮೇಹದ ಬಡ ರೋಗಿಯು ಪಾದರಕ್ಷೆಯಿಲ್ಲದೆ, ಭಿಕ್ಷಾನ್ನ ಉಂಡು, ಊರಿಗೊಂದು ರಾತ್ರಿ ತಂಗುತ್ತ ನೂರು ಯೋಜನ ನಡೆಯಲಿ ಎಂದು ಸುಶ್ರುತಸಂಹಿತೆ ಹೇಳುತ್ತದೆ. ಅದನ್ನು ಓದಿದಾಗಲೆಲ್ಲ ನಮಗೆ ಚರಜಂಗಮರ ಬಾಳು ನೆನಪಾಗುತ್ತದೆ. ಆದರೆ ಬರಿಗಾಲಿನ ಮಾತನ್ನು ಇಂದು ಪಾಲಿಸಬೇಡಿರಿ. ಬಹುಕಾಲದ ಮಧುಮೇಹಿಗಳಿಗೆ ಪಾದದ ಸ್ಪರ್ಶಜ್ಞಾನ ಕುಂದಿರುತ್ತದೆ, ಮುಳ್ಳು ಚುಚ್ಚಿದ್ದು ತಿಳಿಯದೆ ಹುಣ್ಣಾಗುತ್ತದೆ. ಮುಚ್ಚಿದ ಪಾದರಕ್ಷೆ ಧರಿಸಿ, ಮನೆಗೆ ಬಂದ ಮೇಲೆ ಅಂಗಾಲು, ಬೆರಳ ಸಂದುಗಳನ್ನು ಪರೀಕ್ಷಿಸಿಕೊಳ್ಳಿರಿ.

ಹೃದಯಾಘಾತವಾದವರು, ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ನಡೆದರೆ ಎದೆ ಹಿಡಿದಂತಾಗುವವರು, ಪಾದದಲ್ಲಿ ಹುಣ್ಣಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಗುಡ್ಡ ಏರಬಾರದು. ಚಿರತೆ, ತೋಳ, ಕತ್ತೆಕಿರುಬಗಳು ಈ ಗುಡ್ಡದ ನಿವಾಸಿಗಳು. ಸೂರ್ಯೋದಯದ ನಂತರ ಹೊರಟು ಸಂಜೆಗೆ ಮುನ್ನ ಇಳಿಯಿರಿ. ಗುಂಪಾಗಿ, ರೂಢಿಯ ದಾರಿಯಲ್ಲಿಯೇ ನಡೆಯಿರಿ. ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕೇಳಿ ಪ್ರವೇಶದ ನಿಯಮಗಳನ್ನು ಪಾಲಿಸಿರಿ. ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹಚ್ಚುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಬೆಲ್ಲದ ನೀರಿನಿಂದ ಚೇತರಿಸಿಕೊಂಡ ಆ ಹಿರಿಯರು ಈಗಲೂ ಪ್ರತಿ ವರ್ಷ ಗುಡ್ಡಕ್ಕೆ ಹೋಗುತ್ತಾರೆ. ದಿನನಿತ್ಯ ಊರಲ್ಲಿಯೂ ನಡೆಯುತ್ತಾರೆ. ನಿತ್ಯದ ನಡಿಗೆ ಮತ್ತು ಪಥ್ಯದಿಂದ ಅವರ ಸಕ್ಕರೆ ಹಿಡಿತಕ್ಕೆ ಬಂದಿದೆ, ಗುಳಿಗೆಯ ಪ್ರಮಾಣವನ್ನು ಅವರ ವೈದ್ಯರು ಕಡಿಮೆ ಮಾಡಿದ್ದಾರೆ. ಹೋದ ಸಲ ಬಂದಾಗ "ಈ ಸಲ ಏನು ತಂದಿರಿ?" ಎಂದು ನಾವು ಕೇಳಿದೆವು. ಅವರು ನಗುತ್ತ ಚೀಲ ಬಿಚ್ಚಿ ತೋರಿಸಿದರು. ಅದರಲ್ಲಿ ಗುಡ್ಡದ ದಾರಿಯಲ್ಲಿ ಆಯ್ದ ಖಾಲಿ ನೀರಿನ ಬಾಟಲಿಗಳೂ ಪ್ಲಾಸ್ಟಿಕ್ ಹಾಳೆಗಳೂ ತುಂಬಿದ್ದವು.

ಭಕ್ತರು ಈ ಚಳಿಗಾಲದಲ್ಲಿ ಕಪ್ಪತಗುಡ್ಡಕ್ಕೆ ಹೋಗಿ ಬರಲಿ, ಅರ್ಧಶಕ್ತಿಯಲ್ಲಿ ನಡೆದು ಪೂರ್ಣ ಆರೋಗ್ಯ ಪಡೆಯಲಿ ಎಂದು ಹಾರೈಸುತ್ತೇವೆ.