ಜೋಡು, ಸೀಸಕ, ವಜ್ರಾಂಗಿ

ಕುಮಾರವ್ಯಾಸನ ಯುದ್ಧವರ್ಣನೆಯನ್ನು ಪಾಠ ಹೇಳುವಾಗ ‘ಜೋಡು’ ಎಂಬ ಶಬ್ದವು ಬಂದರೆ ವಿದ್ಯಾರ್ಥಿಗೆ ಮೊದಲು ತೋರುವದು ಪಾದರಕ್ಷೆ. ಅದು ಕವಚವೆಂದು ತಿದ್ದಿದ ಮೇಲೆ ಆತನು ಕಲ್ಪಿಸಿಕೊಳ್ಳುವದು ಆಪಾದಮಸ್ತಕ ಕಬ್ಬಿಣದಲ್ಲಿ ಮುಳುಗಿದ ಯುರೋಪದ ಸರದಾರನನ್ನು. ಮೊದಲನೆಯ ತಪ್ಪು ಸಣ್ಣದು. ಎರಡನೆಯದನ್ನು ‘ಲೋಹಕವಚ’ವೆಂದಷ್ಟೇ ಬರೆಯುವ ಟಿಪ್ಪಣಿಗಳು ಬೆಳೆಸುತ್ತವೆ.

ಅಮರಸಿಂಹನು ಕ್ಷತ್ರಿಯವರ್ಗದಲ್ಲಿ ಮೊದಲು ಕಂಚುಕ, ವಾರಬಾಣಗಳನ್ನೂ, ಕಂಚುಕದ ಮೇಲೆ ನಡುವಿಗೆ ಬಿಗಿಯುವ ಸಾರಸನವನ್ನೂ ಹೇಳಿ, ಬಳಿಕ ಶೀರ್ಷಕಕ್ಕೂ, ಆಮೇಲೆ ತನುತ್ರ, ವರ್ಮ, ಉರಶ್ಛದ, ಕವಚಗಳಿಗೂ ಬರುವನು. ಈ ಶೀರ್ಷಕವೇ ನಮ್ಮ ಸೀಸಕ. ಸೀಸವೆಂಬ ಲೋಹಕ್ಕೂ ಅದಕ್ಕೂ ಸಂಬಂಧವಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು (2ನೆಯ ಅಧಿಕರಣ, 18ನೆಯ ಅಧ್ಯಾಯ) ಇನ್ನೂ ಬಿಚ್ಚಿ ಹೇಳುವದು. ಲೋಹಜಾಲ, ಲೋಹಪಟ್ಟಗಳೊಡನೆ ನೂಲಿನ ಸೂತ್ರಕಂಕಟವೂ, ಖಡ್ಗಮೃಗ, ಆನೆ, ಎತ್ತು ಮೊದಲಾದವುಗಳ ತೊಗಲು, ಗೊರಸು, ಕೊಂಬುಗಳನ್ನು ಜೋಡಿಸಿದ ವರ್ಮಗಳೂ ಅಲ್ಲಿ ಎಣಿಕೆಗೆ ಬಂದಿವೆ. ಅದೇ ಪಟ್ಟಿಯಲ್ಲಿ ಮೈಗಾಪಾಗಿ ಬರುವ ‘ಕೂರ್ಪಾಸ’ವು ನಮ್ಮ ‘ಕುಪ್ಪಸ’ದ ನಂಟು. ಸಂಸ್ಕೃತದಿಂದ ಕನ್ನಡಕ್ಕೆ ಬಂದಿತೆಂದು ಕೆಲವರೂ, ದ್ರಾವಿಡದಿಂದಲೇ ಅಲ್ಲಿಗೆ ಹೋಯಿತೆಂದು ಕೆಲವರೂ ಅನ್ನುವರು. ಆ ವಾದ ಇಲ್ಲಿ ಬೇಡ. ನಮ್ಮ ತಡಸ, ಶಿಗ್ಗಾವಿಗಳ ಕಡೆಗೆ ಬಸುರಿಗೆ ‘ಕುಬಸ’ ಮಾಡುವ ಹೆಂಗಳೆಯರು ಒಂದು ಕಾಲದ ರಣರಂಗದ ಮಾತನ್ನೇ ಆಡುತ್ತಿರುವರೆಂಬುದು ಸೋಜಿಗವಲ್ಲವೆ? ವಜ್ರಾಂಗಿಯಲ್ಲಿಯೂ ಕಾಣುವದು ಅಂಗಿಯೇ. ಇವೆಲ್ಲ ಉಡುಪಿನ ಹೆಸರುಗಳು. ಹೊಲಿದು ತೊಡುವ ವಸ್ತುವನ್ನೇ ಸೂಚಿಸುವವು.

ಕಣ್ಣಾರೆ ಕಂಡವನ ಸಾಕ್ಷ್ಯವೂ ಇದಕ್ಕೆ ಒದಗುವದು. 1520ರ ಸುಮಾರಿಗೆ ವಿಜಯನಗರದ ಸೈನ್ಯವನ್ನು ನೋಡಿದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸನು, ರಾವುತರ ಮೆತ್ತೆಹೊಲಿಗೆಯ ಅಂಗಿಗಳು ಗಟ್ಟಿಯಾದ ಹಸಿದೊಗಲಿನ ಪದರುಗಳಿಂದಾದವೆಂದೂ, ಅವುಗಳಿಗೆ ಲೋಹದ ತಗಡುಗಳನ್ನು ಕೂಡಿಸಿದ್ದರೆಂದೂ, ಶಿರಸ್ತ್ರಾಣಕ್ಕೆ ಕುತ್ತಿಗೆಯನ್ನು ಮುಚ್ಚುವ ಅಂಚೂ ಮುಖಕ್ಕೊಂದು ಮರೆಯೂ ಇದ್ದವೆಂದೂ ಬರೆದಿರುವನು.

ಟಿಬೇಟದಲ್ಲಿ ಸಣ್ಣ ಕಬ್ಬಿಣದ ತಗಡುಗಳನ್ನು ತೊಗಲಿನ ದಾರದಿಂದ ಪೋಣಿಸಿದ ಕವಚಗಳು ವಿಹಾರಗಳ ರಕ್ಷಕದೇವತೆಗಳ ಗುಡಿಗಳಲ್ಲಿ ಹರಕೆಯಾಗಿ ಉಳಿದು ಬಂದವು. ನಮ್ಮಲ್ಲಿಯ ತೊಗಲು, ಬಟ್ಟೆಗಳು ಮಳೆಗೂ ಗೆದ್ದಲಿಗೂ ಸಂದವು. ಆದ್ದರಿಂದ ವೀರಗಲ್ಲನ್ನು ಕೇಳೋಣವೆಂದರೆ, ಅಲ್ಲಿಯ ಭಟನು ಬಹುಮಟ್ಟಿಗೆ ಬರಿಮೈಯವನು, ತುರುಬು ಕಟ್ಟಿದವನು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಕಾದಿ ಮಡಿದನು. ಅಂಥ ದಂಡನಾಯಕನೂ ಬರಿಮೈಯಲ್ಲಿ ಕಾದಿದನೆನ್ನಲಾದೀತೆ? ತುರುಗೊಳ್ ಕಾಳಗದಲ್ಲಿ ಬಿದ್ದ ಊರಿನ ಕಾಲಾಳಿಗೆ ಹರಿಗೆಯೊಂದೇ ಆಸರೆಯಾಗಿದ್ದಿರಬಹುದು, ಅಂಗಿಯ ಬೆಲೆ ಅವನಿಗೆಲ್ಲಿಯದು? ಆದರೆ ನಾಯಕನ ವಿಷಯದಲ್ಲಿ, ನನಗೆ ತೋರುವಂತೆ, ಶಿಲ್ಪಿಯು ಕಡೆದದ್ದು ರಣದಲ್ಲಿಯ ವೇಷವನ್ನಲ್ಲ. ಮೇಲಣ ಪಟ್ಟಿಕೆಯಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುವ ದೇಹವನ್ನೇ ಅವನು ಕೆಳಗಿನ ಕಾಳಗದಲ್ಲಿಯೂ ತೋರಿಸಿರುವನು.