ಅಡಿಕೆಗೆ ಹೋದ ಮಾನ

ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟ ಮೇಲೆ ಪಿನ್ನರಿನ ಬ್ರಿಡ್ಜ್ ಸ್ಟ್ರೀಟಿನಲ್ಲಿ ಒಮ್ಮೆ ನಡೆದು ನೋಡಿ. ಯೂನಿಫಾರ್ಮಿನ ಮಕ್ಕಳು ಗುಂಪುಗುಂಪಾಗಿ ಅಂಗಡಿಗಳಿಗೆ ನುಗ್ಗುತ್ತಾರೆ. ಚಿಪ್ಸ್, ಚಾಕಲೇಟು, ನೇಲ್ ಪಾಲಿಶ್ ಎಲ್ಲವೂ ಕೈಗೆಟಕುವ ಎತ್ತರದಲ್ಲೇ ಇರುತ್ತವೆ.

ಒಂದು ಸಂಜೆ ನಮ್ಮ ಗೆಳೆಯರೊಬ್ಬರಿಂದ ಫೋನ್ ಬಂತು. ದನಿ ನಡುಗುತ್ತಿತ್ತು. ಹದಿಮೂರು ವರ್ಷದ ಮಗಳು ಅಂಗಡಿಯೊಂದರಲ್ಲಿ ಮೂರು ಪೌಂಡಿನ ಲಿಪ್‌ಸ್ಟಿಕ್ ಬ್ಯಾಗಿಗೆ ಹಾಕಿಕೊಂಡು ಬಾಗಿಲಲ್ಲಿ ಸಿಕ್ಕಿಬಿದ್ದಿದ್ದಳು. "ಪೊಲೀಸರನ್ನ ಕರೀತಾರಂತೆ. ಈಗ ಏನ್ ಮಾಡೋದು ಹೇಳಿ" ಎಂದರು. ಪುಣ್ಯಕ್ಕೆ ಮ್ಯಾನೇಜರ್ ಪೊಲೀಸರನ್ನು ಕರೆಯಲಿಲ್ಲ. ಹುಡುಗಿ ವಸ್ತು ಹಿಂತಿರುಗಿಸಿ, ಅಳುತ್ತ ಕ್ಷಮೆ ಕೇಳಿ, ಇನ್ನು ಆ ಅಂಗಡಿಗೆ ಕಾಲಿಡಬಾರದೆಂಬ ಮಾತು ಕೇಳಿಸಿಕೊಂಡು ಮನೆಗೆ ಬಂದಳು. ಅವಳ ತಾಯಿ ಮಾತ್ರ ವಾರಗಟ್ಟಲೆ ಒಂದೇ ಮಾತು ಹೇಳುತ್ತಿದ್ದರು: "ಮೂರು ಪೌಂಡಿಗೆ ನಮ್ಮ ಮಾನ ಹೋಯ್ತು." ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನೆನಪಾಗದೆ ಇರಲಿಲ್ಲ. ಮ್ಯಾನೇಜರ್ ಫೋನ್ ಎತ್ತಿದ್ದರೆ ಏನಾಗುತ್ತಿತ್ತು? ಇಂಥ ಮಕ್ಕಳ ಮೇಲೆ ಕ್ರಿಮಿನಲ್ ಕೇಸು ಹಾಕಬೇಕೇ? ಇದನ್ನು ತಿಳಿದುಕೊಳ್ಳಲು ಹೊರಟಾಗ ಕಂಡದ್ದನ್ನು ಓದುಗರೊಡನೆ ಹಂಚಿಕೊಳ್ಳುತ್ತಿದ್ದೇವೆ.

ಮೊದಲು ಕಾನೂನು. 1968ರ ಥೆಫ್ಟ್ ಆಕ್ಟ್ ಪ್ರಕಾರ ಲಿಪ್‌ಸ್ಟಿಕ್ ಕದ್ದರೂ ಕಾರು ಕದ್ದರೂ ಅಪರಾಧದ ಹೆಸರು ಒಂದೇ, ಕಳ್ಳತನ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಹತ್ತು ವರ್ಷ ತುಂಬಿದ ಮಗುವಿನ ಮೇಲೆ ಕೇಸು ಹಾಕಬಹುದು. ಹಿಂದೆ ಹತ್ತರಿಂದ ಹದಿನಾಲ್ಕರೊಳಗಿನ ಮಗುವಿಗೆ ತಾನು ಮಾಡುತ್ತಿರುವುದು ದೊಡ್ಡ ತಪ್ಪೆಂದು ಗೊತ್ತಿತ್ತು ಎಂದು ಸರ್ಕಾರಿ ವಕೀಲರು ಸಾಬೀತು ಮಾಡಬೇಕಿತ್ತು. ಆ ರಕ್ಷಣೆಯನ್ನು 1998ರ ಕ್ರೈಮ್ ಅಂಡ್ ಡಿಸಾರ್ಡರ್ ಆಕ್ಟ್ ತೆಗೆದುಹಾಕಿತು. ನೆರೆಯ ಸ್ಕಾಟ್ಲೆಂಡ್ ಈ ವಯಸ್ಸನ್ನು 2021ರ ಡಿಸೆಂಬರಿನಲ್ಲಿ ಎಂಟರಿಂದ ಹನ್ನೆರಡಕ್ಕೆ ಏರಿಸಿತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2019ರಲ್ಲಿ ಕನಿಷ್ಠ ಹದಿನಾಲ್ಕು ಇರಲಿ ಎಂದಿದೆ.

ಹಾಗೆಂದು ಹದಿಮೂರರ ಹುಡುಗಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಪೊಲೀಸರ ಮುಂದೆ ಮೆಟ್ಟಿಲುಗಳಿವೆ. ಮೊದಲನೆಯದು ಕಮ್ಯುನಿಟಿ ರೆಸಲ್ಯೂಷನ್. ಕ್ಷಮೆ ಕೇಳುವುದು, ನಷ್ಟ ತುಂಬಿಕೊಡುವುದು, ಅಷ್ಟಕ್ಕೇ ಮುಗಿಯುತ್ತದೆ. ಎರಡನೆಯದು ಯೂತ್ ಕಾಷನ್. ಇದು 2013ರಲ್ಲಿ ಬಂತು. ಮಗು ತಪ್ಪು ಒಪ್ಪಿಕೊಂಡಿರಬೇಕು, ಜೊತೆಗೆ ತಂದೆತಾಯಿ ಅಥವಾ ಬೇರೆ ಹಿರಿಯರಿರಬೇಕು. ಕೋರ್ಟಿನ ಮೆಟ್ಟಿಲು ಇವೆಲ್ಲದರ ನಂತರದ್ದು. ಅಲ್ಲಿಯೂ ಮೊದಲ ಸಲ ತಪ್ಪೊಪ್ಪಿಕೊಂಡ ಮಗುವಿಗೆ ಸಾಮಾನ್ಯವಾಗಿ ರೆಫರಲ್ ಆರ್ಡರ್ ಸಿಗುತ್ತದೆ. ಅಂದರೆ ಸ್ಥಳೀಯ ನಾಗರಿಕರ ಮಂಡಳಿಯೊಂದರ ಮುಂದೆ ಕುಳಿತು, ತಪ್ಪು ಸರಿಪಡಿಸುವ ಒಪ್ಪಂದಕ್ಕೆ ಸಹಿ ಹಾಕುವುದು.

ಇಷ್ಟು ಓದಿ ನಾವೂ ನಿಟ್ಟುಸಿರು ಬಿಟ್ಟೆವು. ಶಿಕ್ಷೆ ಸಣ್ಣದೇ ತಾನೆ? ಆದರೆ ನಿಜವಾದ ತೊಂದರೆ ಇರುವುದು ಕಡತದಲ್ಲಿ. ಕಂಪ್ಯೂಟರಿನೊಡನೆ ಬದುಕುವ ನಮಗೆ ಇದು ಚೆನ್ನಾಗಿ ಗೊತ್ತು: ಒಂದು ದಾಖಲೆಯನ್ನು ಸೇರಿಸುವುದು ಒಂದು ಕ್ಷಣದ ಕೆಲಸ, ಅಳಿಸುವುದು ಯಾರ ಕೆಲಸವೂ ಅಲ್ಲ. ಪೊಲೀಸರ ರಾಷ್ಟ್ರೀಯ ಕಂಪ್ಯೂಟರಿನಲ್ಲಿ ಕಾಷನ್ ಆಗಲಿ ಶಿಕ್ಷೆಯಾಗಲಿ ಒಮ್ಮೆ ಸೇರಿದರೆ, ಆ ವ್ಯಕ್ತಿಗೆ ನೂರು ವರ್ಷ ತುಂಬುವವರೆಗೆ ಅಲ್ಲೇ ಇರುತ್ತದೆ.

ಇದರಿಂದ ಏನಾಗುತ್ತದೆಂಬುದಕ್ಕೆ 2014ರ ಜೂನಿನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನೋಡಬೇಕು. ತೀರ್ಪಿನಲ್ಲಿ ಹುಡುಗನ ಹೆಸರು ಬರಿಯ 'ಟಿ'. 2002ರಲ್ಲಿ ಹನ್ನೊಂದು ವರ್ಷದವನಿದ್ದಾಗ ಎರಡು ಸೈಕಲ್ ಕಳ್ಳತನಕ್ಕಾಗಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಎಚ್ಚರಿಕೆ ಕೊಟ್ಟು ಕಳಿಸಿದ್ದರು. ಹದಿನೇಳನೆಯ ವಯಸ್ಸಿನಲ್ಲಿ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಸಣ್ಣ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಸೈಕಲ್‌ಗಳು ಮತ್ತೆ ಎದುರಿಗೆ ಬಂದವು. ಮುಂದೆ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಷಯ ಓದಲು ಹೋದಾಗಲೂ ಬಂದವು. ಅದೇ ತೀರ್ಪಿನ ಇನ್ನೊಂದು ಪ್ರಕರಣ ಒಬ್ಬ ಮಹಿಳೆಯದು. 2001ರಲ್ಲಿ ಅಂಗಡಿಯಿಂದ ಕೃತಕ ಉಗುರಿನ ಒಂದು ಪೊಟ್ಟಣ ಕದ್ದು ಕಾಷನ್ ಪಡೆದಿದ್ದರು. ಎಂಟು ವರ್ಷಗಳ ನಂತರ ವೃದ್ಧರ, ರೋಗಿಗಳ ಆರೈಕೆಯ ಕೆಲಸಕ್ಕೆ ಹೊರಟಾಗ ಆ ಉಗುರುಗಳು ಅಡ್ಡ ಬಂದವು. ಎಲ್ಲವನ್ನೂ ಎಲ್ಲರಿಗೂ ತಿಳಿಸುವ ಆ ಪದ್ಧತಿ ಖಾಸಗಿ ಬದುಕಿನ ಹಕ್ಕಿಗೆ ವಿರುದ್ಧ ಎಂದು ಕೋರ್ಟ್ ಹೇಳಿತು. ಅಷ್ಟರಲ್ಲೇ, 2013ರಲ್ಲಿ, ಹಳೆಯ ಸಣ್ಣ ತಪ್ಪುಗಳನ್ನು ಸೋಸಿ ಬಿಡುವ ವ್ಯವಸ್ಥೆ ಬಂದಿತ್ತು. ಮಕ್ಕಳಿಗೆ ಕೊಟ್ಟ ಕಾಷನ್ ಮತ್ತು ಎಚ್ಚರಿಕೆಗಳು ಡಿಬಿಎಸ್ ಪತ್ರದಲ್ಲಿ ತಾವಾಗಿಯೇ ಬರುವುದು ನಿಂತದ್ದು ಇನ್ನೊಂದು ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2020ರ ನವೆಂಬರಿನಲ್ಲಿ.

ಆದರೆ ನಮ್ಮಂಥ ವಲಸೆಗಾರರಿಗೆ ಇನ್ನೊಂದು ಬಾಗಿಲಿದೆ. ಬ್ರಿಟಿಷ್ ಪೌರತ್ವಕ್ಕೆ ಬೇಕಾದ 'ಸದ್ವರ್ತನೆ'ಯ ನಿಯಮ ಹತ್ತು ವರ್ಷ ತುಂಬಿದ ಮಕ್ಕಳಿಗೂ ಅನ್ವಯಿಸುತ್ತದೆ. ಹಳೆಯ ತಪ್ಪುಗಳು ಮಾಸಿಹೋಗುತ್ತವೆ ಎಂಬ 1974ರ ಕಾಯ್ದೆಯ ರಿಯಾಯಿತಿ ಪೌರತ್ವದ ಅರ್ಜಿಗೆ ಸಿಗುವುದಿಲ್ಲ. ಇಲ್ಲೇ ಹುಟ್ಟಿದ ಸಹಪಾಠಿಗೆ ಮುಗಿದುಹೋದ ಕಥೆ, ಅಪ್ಪನ ವರ್ಕ್ ವೀಸಾದಲ್ಲಿ ಬಂದ ನಮ್ಮ ಮಗುವಿಗೆ ಮುಗಿದಿರುವುದಿಲ್ಲ.

ಇನ್ನು ಅಂಗಡಿಯವರ ಮಾತನ್ನೂ ಕೇಳಬೇಕು. 2025ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಪೊಲೀಸರು ದಾಖಲಿಸಿದ ಅಂಗಡಿ ಕಳ್ಳತನಗಳು 5 ಲಕ್ಷ 30 ಸಾವಿರ ದಾಟಿದವು. ಹ್ಯಾರೋ ಸುತ್ತಮುತ್ತ ಮೂಲೆ ಅಂಗಡಿ ಇಟ್ಟವರಲ್ಲಿ ಗುಜರಾತಿಗಳು, ಶ್ರೀಲಂಕಾದ ತಮಿಳರು ಬಹಳ. ಬೆಳಿಗ್ಗೆ ಐದಕ್ಕೆ ಪೇಪರ್ ಕಟ್ಟು ಬಿಚ್ಚಿ ರಾತ್ರಿವರೆಗೆ ನಿಲ್ಲುವವರು. ಅವರಿಗೆ ಪೆನ್ಸುಗಳ ಲೆಕ್ಕದ ಲಾಭ, ಪೌಂಡುಗಳ ನಷ್ಟ. "ಮಕ್ಕಳಲ್ಲವೇ, ಬಿಡಿ" ಎನ್ನುವುದು ಅವರ ಜೇಬಿನಿಂದ ಧರ್ಮ ಮಾಡಿದಂತೆ. ಹಿಡಿಯಬೇಕು, ನಿಲ್ಲಿಸಿ ಕೇಳಬೇಕು, ನಷ್ಟ ತುಂಬಿಸಬೇಕು. ಅದರಲ್ಲಿ ಎರಡು ಮಾತಿಲ್ಲ.

ಪ್ರಶ್ನೆ ಇರುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕೇಸು ಹಾಕಿದರೆ ಮಕ್ಕಳು ಸುಧಾರಿಸುತ್ತಾರೆಯೇ? ಎಡಿನ್‌ಬರೋದಲ್ಲಿ 1998ರಿಂದ ಸುಮಾರು 4,300 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ. ಲೆಸ್ಲಿ ಮೆಕಾರಾ ಮತ್ತು ಸೂಸನ್ ಮೆಕ್ವೀ ಅದನ್ನು ನಡೆಸಿದವರು. ಒಂದೇ ಬಗೆಯ ತಪ್ಪು ಮಾಡಿದ ಮಕ್ಕಳಲ್ಲಿ, ನ್ಯಾಯ ವ್ಯವಸ್ಥೆಯೊಳಗೆ ಹೆಚ್ಚು ಆಳಕ್ಕೆ ಹೋದವರು ತಪ್ಪು ಬಿಡುವುದು ನಿಧಾನವಾಯಿತು ಎಂಬುದು ಅವರು 2007ರಲ್ಲಿ ಪ್ರಕಟಿಸಿದ ಫಲಿತಾಂಶ. ಇಂಗ್ಲೆಂಡ್ ಕೂಡ ಈ ಪಾಠವನ್ನು ಅನುಭವದಿಂದ ಕಲಿಯಿತು. 2000ದ ದಶಕದಲ್ಲಿ ಇಷ್ಟು ಅಪರಾಧಗಳನ್ನು ನ್ಯಾಯದ ಕಟ್ಟೆಗೆ ತರಬೇಕೆಂದು ಪೊಲೀಸರಿಗೆ ಗುರಿ ಕೊಟ್ಟಿದ್ದರು. ಗುರಿ ಮುಟ್ಟಲು ಸುಲಭವಾಗಿ ಸಿಗುವವರು ಮಕ್ಕಳೇ! 2007ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ ಮೊದಲ ಬಾರಿಗೆ ಕಾಷನ್ ಅಥವಾ ಶಿಕ್ಷೆ ಪಡೆದ ಮಕ್ಕಳು ಒಂದು ಲಕ್ಷಕ್ಕೂ ಹೆಚ್ಚು. 2008ರಲ್ಲಿ ಆ ಗುರಿಯನ್ನು ಬದಲಿಸಿದರು. ಈಚಿನ ವರ್ಷಗಳಲ್ಲಿ ಆ ಸಂಖ್ಯೆ ಹತ್ತು ಸಾವಿರಕ್ಕಿಂತ ಕೆಳಗಿದೆ. ಮಕ್ಕಳೆಲ್ಲ ಒಮ್ಮೆಲೇ ಒಳ್ಳೆಯವರಾದರು ಎಂದಲ್ಲ, ದೊಡ್ಡವರು ಕಡತ ತೆರೆಯುವುದನ್ನು ಕಡಿಮೆ ಮಾಡಿದರು.

ನಮ್ಮ ಊರಿನ ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಎಂಬುದು ನಮಗೂ ಆಶ್ಚರ್ಯ ತಂದಿತು. ಭಾರತದ 2015ರ ಬಾಲನ್ಯಾಯ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಹದಿನೆಂಟರೊಳಗಿನ ಮಗುವಿನ ಸಣ್ಣ ಕಳ್ಳತನಕ್ಕೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು ಬಾಲನ್ಯಾಯ ಮಂಡಳಿಗೆ ವರದಿ ಕಳಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಸೇವಕರು, ಅವರಲ್ಲೊಬ್ಬರು ಮಹಿಳೆ. ಮುಂದೆ ಆ ದಾಖಲೆಯನ್ನು ನಾಶ ಮಾಡಬೇಕು, ಅದರಿಂದ ಯಾವ ಅನರ್ಹತೆಯೂ ಬರಕೂಡದು ಎಂದು ಕಾಯ್ದೆಯ 24ನೆಯ ಸೆಕ್ಷನ್ ಹೇಳುತ್ತದೆ.

ಇಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಯಿತು. ಗೆಳೆಯರ ಮಗಳು ಪಾರಾದದ್ದು ಯಾವ ನಿಯಮದಿಂದ? ಮ್ಯಾನೇಜರ್ ಒಳ್ಳೆಯವರಾಗಿದ್ದರು. ತಂದೆ ಟೈ ಕಟ್ಟಿಕೊಂಡು ಆಫೀಸಿನಿಂದ ಓಡಿ ಬಂದಿದ್ದರು. ಬೇರೆ ಬಡಾವಣೆಯ, ಕರೆಸಲು ಅಪ್ಪನಿಲ್ಲದ ಹುಡುಗನಿಗೆ ಅದೇ ಮೂರು ಪೌಂಡಿಗೆ ಅದೇ ದಯೆ ಸಿಗುತ್ತಿತ್ತೇ? ಡೇವಿಡ್ ಲ್ಯಾಮಿಯವರ 2017ರ ವರದಿಯಂತೆ ಬಂಧನದಲ್ಲಿದ್ದ ಕಿರಿಯರಲ್ಲಿ ಕಪ್ಪು, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತರ ಪಾಲು 2006ರಿಂದ 2016ರ ನಡುವೆ ಶೇ. 25ರಿಂದ ಶೇ. 41ಕ್ಕೆ ಏರಿತ್ತು. ದಯೆಯನ್ನು ಅಂಗಡಿಯ ಬಾಗಿಲಲ್ಲಿ ನಿಂತವರ ಮನಸ್ಸಿಗೆ ಬಿಟ್ಟರೆ ಹೀಗಾಗುವ ಅಪಾಯ ಇದ್ದೇ ಇದೆ. ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ಸಣ್ಣ ವಸ್ತುವಿನ ಮೊದಲ ಕಳ್ಳತನಕ್ಕೆ ವಸ್ತು ಹಿಂತಿರುಗಬೇಕು, ಮಗು ಅಂಗಡಿಯವರ ಮುಖ ನೋಡಿ ತಪ್ಪೊಪ್ಪಬೇಕು, ಕಡತ ತೆರೆಯಕೂಡದು. ಇದು ಎಲ್ಲ ಮಕ್ಕಳಿಗೂ ಒಂದೇ ನಿಯಮವಾಗಬೇಕು.

ತಂದೆತಾಯಿಗಳಿಗೆ ಎರಡು ಕಿವಿಮಾತು. ಮಗುವನ್ನು ಠಾಣೆಗೆ ಕರೆದೊಯ್ದರೆ ಉಚಿತ ವಕೀಲರ ಸಲಹೆ ಸಿಗುತ್ತದೆ. ಬೇಗ ಮುಗಿಯಲಿ ಎಂಬ ಆತುರದಲ್ಲಿ, ಅದನ್ನು ಕೇಳದೆ ಕಾಷನ್‌ಗೆ ತಲೆಯಾಡಿಸಬೇಡಿ. ಇನ್ನು ಅಂಗಡಿಯ ಪರವಾಗಿ ಯಾವುದೋ ಕಂಪನಿಯಿಂದ ಹಣ ಕಟ್ಟಿರೆಂದು ಪತ್ರ ಬರಬಹುದು. ಅದು ಸರ್ಕಾರದ ದಂಡವಲ್ಲ. ಇಬ್ಬರು ಹದಿಹರೆಯದ ಹುಡುಗಿಯರಿಂದ ತಲಾ 137.50 ಪೌಂಡ್ ಕೇಳಿದ ಇಂಥದೊಂದು ದಾವೆಯನ್ನು 2012ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್ ತಳ್ಳಿಹಾಕಿತು.

ಕೊನೆಗೊಂದು ಹಳೆಯ ಕಳ್ಳತನ. ಹದಿನೈದು ವರ್ಷದ ಹುಡುಗನೊಬ್ಬ ಅಣ್ಣನ ತೋಳಿನ ಕಡಗದಿಂದ ಚೂರು ಚಿನ್ನ ಕದ್ದ. ತಡೆಯಲಾರದೆ ತಪ್ಪನ್ನು ಚೀಟಿಯಲ್ಲಿ ಬರೆದು, ತಕ್ಕ ಶಿಕ್ಷೆ ಕೊಡಿ ಎಂದು ಹಾಸಿಗೆ ಹಿಡಿದಿದ್ದ ತಂದೆಯ ಕೈಗಿಟ್ಟ. ತಂದೆ ಎದ್ದು ಕುಳಿತು ಓದಿದರು, ಕಣ್ಣೀರು ಸುರಿಸಿದರು, ಚೀಟಿಯನ್ನು ಹರಿದುಹಾಕಿದರು. ಆ ಹುಡುಗ 1888ರಲ್ಲಿ ಕಾನೂನು ಓದಲು ನಮ್ಮ ಇದೇ ಲಂಡನ್ನಿಗೆ ಬಂದ. ಹೆಸರು ಮೋಹನದಾಸ ಗಾಂಧಿ.