ತಿಳಿನೀರೆಲ್ಲ ಶುದ್ಧವೇ?

ಹಾಲೆಂಡ್ ದೇಶದ ಉತ್ತರ ಭಾಗದಲ್ಲಿ ಬೋವನ್‌ಕಾರ್ಸ್ಪೆಲ್ ಎಂಬ ಸಣ್ಣ ಊರೊಂದುಂಟು. ಹೂವಿನ ಬೇಸಾಯಕ್ಕೆ ಹೆಸರಾದ ಸೀಮೆ ಅದು. ೧೯೯೯ರ ಫೆಬ್ರವರಿಯಲ್ಲಿ ಅಲ್ಲಿ ಹತ್ತು ದಿನಗಳ ಪುಷ್ಪಪ್ರದರ್ಶನವೊಂದು ನಡೆಯಿತು. ಹತ್ತಾರು ಸಾವಿರ ಜನ ಬಂದು ನೋಡಿ ಸಂತೋಷಪಟ್ಟು ಹೋದರು. ಇಂತಹ ಪ್ರದರ್ಶನಗಳಲ್ಲಿ ಹೂವಿನ ಜೊತೆಗೆ ಮನೆಬಳಕೆಯ ವಸ್ತುಗಳ ಮಳಿಗೆಗಳೂ ಇರುವುದು ವಾಡಿಕೆಯಷ್ಟೆ. ಅಂತಹ ಮಳಿಗೆಯೊಂದರಲ್ಲಿ, ಕೊಳ್ಳುವವರ ಕಣ್ಸೆಳೆಯಲೆಂದು, ಬಿಸಿನೀರಿನ ಸ್ನಾನದ ತೊಟ್ಟಿಯೊಂದನ್ನು ತುಂಬಿಸಿ, ಯಂತ್ರದಿಂದ ನೊರೆಗುಳ್ಳೆಗಳನ್ನೇಳಿಸಿ ಇರಿಸಿದ್ದರು. ಅದು ನೋಡುವುದಕ್ಕೆ ಇಟ್ಟ ತೊಟ್ಟಿಯೇ ಹೊರತು ಇಳಿದು ಮೀಯುವುದಕ್ಕಲ್ಲ.

ಪ್ರದರ್ಶನದ ಬೆನ್ನಲ್ಲೇ ಸಮೀಪದ ಹೂರ್ನ್ ಪಟ್ಟಣದ ಆಸ್ಪತ್ರೆಗೆ ತೀವ್ರವಾದ ನ್ಯುಮೋನಿಯದಿಂದ ನರಳುವವರು ಒಬ್ಬರ ಹಿಂದೊಬ್ಬರಂತೆ ಬರತೊಡಗಿದರು. ರೋಗಿಗಳನ್ನು ವಿಚಾರಿಸಿದಾಗ ಎಲ್ಲರ ಬಾಯಲ್ಲೂ ಬಂದ ಒಂದೇ ಮಾತು ಹೂವಿನ ಪ್ರದರ್ಶನದ್ದು. ಕೊನೆಗೆ ಲೆಕ್ಕ ಹಾಕಿದಾಗ ಕಾಯಿಲೆ ಬಿದ್ದವರು ೧೮೮ ಮಂದಿ. ತೀರಿಕೊಂಡವರು ೩೨ ಮಂದಿ. ಇವರಾರೂ ಆ ನೀರಿನಲ್ಲಿ ಮಿಂದವರಲ್ಲ. ತೊಟ್ಟಿಯ ಬಳಿ ಹಾದುಹೋದವರು, ಅರೆಗಳಿಗೆ ನಿಂತು ನೋಡಿದವರು. ಒಡೆದ ಗುಳ್ಳೆಗಳಿಂದ ಚಿಮ್ಮಿದ, ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಉಸಿರಿನೊಡನೆ ಒಳಸೇರಿದ್ದೇ ಸಾಕಾಯಿತು.

ಆ ತುಂತುರಿನಲ್ಲಿದ್ದ ರೋಗಾಣುವಿನ ಹೆಸರು ಲೀಜನೆಲ್ಲ. ೧೯೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಯೋಧರ ಸಂಘದ ಸಮ್ಮೇಳನ ನಡೆದಾಗ, ಬಂದವರಲ್ಲಿ ಅನೇಕರು ಅರಿಯದ ಜ್ವರಕ್ಕೆ ತುತ್ತಾದರು. ಸುಮಾರು ಮೂವತ್ತು ಜನ ಸತ್ತರು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿಗೆ ಅದುವರೆಗೆ ಯಾರೂ ಗುರುತಿಸದಿದ್ದ ಈ ಸೂಕ್ಷ್ಮಜೀವಿ ಸಿಕ್ಕಿತು. ಕೆರೆ, ಹೊಳೆ, ಮಣ್ಣುಗಳಲ್ಲಿ ಇದು ಎಲ್ಲೆಲ್ಲಿಯೂ ಉಂಟು. ಅಲ್ಲಿ ವಿರಳವಾಗಿದ್ದುಕೊಂಡು ಯಾರ ತಂಟೆಗೂ ಸಾಮಾನ್ಯವಾಗಿ ಬಾರದು. ಉಗುರುಬೆಚ್ಚನೆಯ ನೀರು, ನಿಂತ ಕೊಳವೆ, ಅಂಟಿಕೊಳ್ಳಲು ಒಂದಿಷ್ಟು ಲೋಳೆ ಇಷ್ಟು ದೊರೆತರೆ ಮಾತ್ರ ಅದರ ಸಂತಾನವನ್ನು ಹಿಡಿಯುವವರಿಲ್ಲ.

ಇನ್ನು ಈ ತೊಟ್ಟಿಯ ಪೂರ್ವವೃತ್ತಾಂತ. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಜಕೂಝಿ ಎಂಬ ಮನೆತನದ ಅಣ್ಣತಮ್ಮಂದಿರು ಕ್ಯಾಲಿಫೋರ್ನಿಯದಲ್ಲಿ ನೀರೆತ್ತುವ ಪಂಪುಗಳನ್ನು ತಯಾರಿಸುತ್ತಿದ್ದರು. ಅವರಲ್ಲಿ ಕ್ಯಾಂಡಿಡೊ ಎಂಬಾತನ ಮಗ ಕೆನೆತ್‌ನಿಗೆ ಹಸುಳೆತನದಲ್ಲೇ ಕೀಲುವಾತ ಅಂಟಿತು. ಆಸ್ಪತ್ರೆಯಲ್ಲಿ ಸುಳಿನೀರಿನ ಸ್ನಾನದಿಂದ ಮಗುವಿಗೆ ಕೊಂಚ ನೆಮ್ಮದಿ ದೊರೆಯುತ್ತಿದ್ದುದನ್ನು ಕಂಡ ತಂದೆ, ಮನೆಯ ತೊಟ್ಟಿಯಲ್ಲೇ ಅಂತಹ ಸುಳಿಯನ್ನೆಬ್ಬಿಸುವ ಪಂಪನ್ನು ರಚಿಸಿದ. ೧೯೫೬ರಲ್ಲಿ ಅದು ಮಾರಾಟಕ್ಕೂ ಬಂತು. ೧೯೬೮ರಲ್ಲಿ ಅದೇ ಮನೆತನದ ರಾಯ್ ಜಕೂಝಿ, ಪಂಪನ್ನು ತೊಟ್ಟಿಯೊಳಗೇ ಅಡಕಮಾಡಿದ. ಒಬ್ಬ ತಂದೆಯ ಮರುಕದಿಂದ ಹುಟ್ಟಿದ ಸಾಧನ ಸಿರಿವಂತರ ಸುಖೋಪಕರಣವಾಯಿತು. ಬಯಲಿನಲ್ಲಿ ಮರದ ತೊಟ್ಟಿಯಿಟ್ಟು ಬಿಸಿನೀರಿನಲ್ಲಿ ನಾಲ್ಕಾರು ಜನ ಕೂಡಿ ಕುಳಿತುಕೊಳ್ಳುವ ‘ಹಾಟ್ ಟಬ್’ ಪದ್ಧತಿಯೂ ಕ್ಯಾಲಿಫೋರ್ನಿಯದಲ್ಲಿಯೇ ಬೇರೂರಿ, ಮುಂದೆ ಇವೆರಡೂ ಒಂದಾದವು. ಈಗ ಅಲ್ಲಿ ನೆಲಸಿರುವ ನಮ್ಮವರ ಹಿತ್ತಿಲುಗಳಲ್ಲಿಯೂ, ಕೊಡಗು ಚಿಕ್ಕಮಗಳೂರುಗಳ ವಿಹಾರಗೃಹಗಳಲ್ಲಿಯೂ ಇದನ್ನು ಕಾಣಬಹುದು.

ನಮ್ಮವರ ಸ್ನಾನಕ್ಕೂ ಈ ಸ್ನಾನಕ್ಕೂ ಒಂದು ಮೂಲಭೂತವಾದ ಅಂತರವುಂಟು. ಹಂಡೆಯಿಂದ ತೋಡಿ ತಲೆಯ ಮೇಲೆರೆದುಕೊಂಡ ನೀರು ಮೈಯ ಕೊಳೆಯನ್ನು ಹೊತ್ತು ಬಚ್ಚಲಿಗೆ ಹರಿದುಹೋಗುತ್ತದೆ. ಅದರ ಗೊಡವೆ ಅಲ್ಲಿಗೆ ತೀರಿತು. ಪಾಶ್ಚಾತ್ಯರ ಮಾಮೂಲು ಸ್ನಾನದ ತೊಟ್ಟಿಯನ್ನು ಸಹ ಮಿಂದೊಡನೆ ಬರಿದುಮಾಡುತ್ತಾರೆ. ಹಾಟ್ ಟಬ್ಬಿನ ನೀರು ಹಾಗಲ್ಲ. ಒಮ್ಮೆ ತುಂಬಿದ ನೀರೇ ಮೂರು ನಾಲ್ಕು ತಿಂಗಳ ಕಾಲ ಸೋಸಿ ಸೋಸಿ, ಕಾಯಿಸಿ ಕಾಯಿಸಿ ಉಪಯೋಗವಾಗುತ್ತದೆ. ಸೋಸುವ ಯಂತ್ರ ಕೂದಲನ್ನೂ ಕಸವನ್ನೂ ಹಿಡಿದೀತು. ಬೆವರನ್ನೂ ಕ್ರಿಮಿಯನ್ನೂ ಹಿಡಿಯಲಾರದು. ಜನದಟ್ಟಣೆಯೂ ಸಾಮಾನ್ಯವಲ್ಲ. ೧೫೦೦ ಲೀಟರಿನ ತೊಟ್ಟಿಯಲ್ಲಿ ನಾಲ್ವರು ಕುಳಿತರೆ ಒಬ್ಬರ ಪಾಲಿಗೆ ೩೭೫ ಲೀಟರು. ನಾಲ್ಕೂವರೆ ಲಕ್ಷ ಲೀಟರು ಹಿಡಿಯುವ ಈಜುಕೊಳದಲ್ಲಿ ಇಷ್ಟೇ ಇಕ್ಕಟ್ಟಾಗಬೇಕಾದರೆ ೧೨೦೦ ಜನ ಏಕಕಾಲದಲ್ಲಿ ಇಳಿಯಬೇಕಾದೀತು! ಅಂತಹ ಕೊಳದ ಹತ್ತಿರ ಸುಳಿಯಲೂ ಒಪ್ಪದ ಗೃಹಸ್ಥರು, ತೊಟ್ಟಿಯಲ್ಲಿ ನಗುನಗುತ್ತ ಕುಳಿತಿರುತ್ತಾರೆ.

ಆ ನೀರಿಗೆ ಹಗಲಿರುಳೂ ಒಬ್ಬ ಕಾವಲುಗಾರ ಬೇಕು. ಆ ಕೆಲಸಕ್ಕೆ ನೇಮಕವಾದುದು ಕ್ಲೋರೀನ್.

ಸ್ವೀಡನ್ನಿನ ಶೀಲೆ ೧೭೭೪ರಲ್ಲಿ ಈ ಹಸುರು ಛಾಯೆಯ ಅನಿಲವನ್ನು ಮೊದಲು ತಯಾರಿಸಿದ. ಅದು ಮೂಲವಸ್ತುವೆಂದು ತೋರಿಸಿ ೧೮೧೦ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಡೇವಿ. ೧೯೦೮ರಲ್ಲಿ ಅಮೆರಿಕದ ಜರ್ಸಿ ನಗರ ತನ್ನ ಕುಡಿಯುವ ನೀರಿಗೆ ಅದನ್ನು ನಿತ್ಯವೂ ಬೆರೆಸಲಾರಂಭಿಸಿತು. ಅಲ್ಲಿಂದ ಮುಂದೆ ಊರೂರಿಗೂ ಆ ಕ್ರಮ ಹರಡಿ ವಿಷಮಶೀತಜ್ವರವೂ ಕಾಲರವೂ ಹಿಮ್ಮೆಟ್ಟಿದವು. ನೆರೆ ಇಳಿದ ಮೇಲೆ ನಮ್ಮ ಹಳ್ಳಿಗಳ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದೇ ಕ್ಲೋರೀನಿನ ಇನ್ನೊಂದು ವೇಷ. ಸಾವಿರ ಲೀಟರು ಬಾವಿನೀರಿಗೆ ಸುಮಾರು ಎರಡೂವರೆ ಗ್ರಾಂ ಪುಡಿ ಸಾಲುತ್ತದೆ. ಒಂದು ಗಂಟೆ ಬಿಟ್ಟು ಸೇದಬಹುದು.

ಬಾವಿಯಲ್ಲಿ ಸುಲಭವಾದ ಕೆಲಸ ತೊಟ್ಟಿಯಲ್ಲಿ ಕಷ್ಟವಾಗುವುದೇಕೆ? ತೊಟ್ಟಿಯ ಸುಖವೆಂದು ಜನ ಮೆಚ್ಚುವುದೆಲ್ಲವೂ ಕ್ಲೋರೀನಿನ ಪಾಲಿಗೆ ವೈರಿಯೇ. ಶಾಖವನ್ನು ತೆಗೆದುಕೊಳ್ಳಿ. ೩೮ರಿಂದ ೪೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕ್ಲೋರೀನ್ ಬೇಗ ಬೇಗ ವ್ಯಯವಾಗುತ್ತದೆ. ಲೀಜನೆಲ್ಲಕ್ಕೋ ಅದು ಹಬ್ಬದೂಟ. ನೀರೊಳಗೇ ಮೈ ಬೆವರುವುದರಿಂದ ಕೊಳೆಯೂ ಹೆಚ್ಚು. ಇನ್ನು ಗುಳ್ಳೆಗಳ ಕಥೆ ವಿಚಿತ್ರವಾದುದು. ಗಾಳಿ ನುಗ್ಗಿದಾಗ ನೀರಿನಲ್ಲಿ ಕರಗಿದ್ದ ಇಂಗಾಲಾಮ್ಲ ಹೊರಟುಹೋಗಿ, ನೀರು ಕ್ರಮೇಣ ಕ್ಷಾರದ ಕಡೆಗೆ ವಾಲುತ್ತದೆ. ಆಮ್ಲ ಕ್ಷಾರಗಳನ್ನಳೆಯುವ ಪಿ.ಎಚ್. ಎಂಬ ಮಾನದಲ್ಲಿ ಹೇಳುವುದಾದರೆ, ಏಳೂಕಾಲರ ಹತ್ತಿರ ಇರಬೇಕಾದ ಅಂಕ ಎಂಟಕ್ಕೇರುತ್ತದೆ. ಕ್ರಿಮಿಯನ್ನು ಕೊಲ್ಲುವುದು ಕ್ಲೋರೀನ್ ನೀರಿನೊಡನೆ ಸೇರಿ ಆಗುವ ಹೈಪೋಕ್ಲೋರಸ್ ಆಮ್ಲ. ಪಿ.ಎಚ್. ೭.೨ ಇದ್ದಾಗ ಕ್ಲೋರೀನಿನ ಮೂರರಲ್ಲೆರಡು ಪಾಲು ಈ ರೂಪದಲ್ಲಿದ್ದರೆ, ೭.೫ರಲ್ಲಿ ಅರ್ಧಪಾಲು, ೮ರಲ್ಲಿ ಸುಮಾರು ಕಾಲುಪಾಲು. ಮಿಕ್ಕದ್ದು ಬಲಗುಂದಿದ ರೂಪ. ಕಾವಲುಗಾರ ಕೆಲಸದಲ್ಲೇನೋ ಇದ್ದಾನೆ, ಆದರೆ ತೂಕಡಿಸುತ್ತಿದ್ದಾನೆ.

ಬಿಸಿಲಿನಿಂದಲೂ ಕ್ಲೋರೀನಿಗೆ ಕ್ಷಯವುಂಟು. ಅದನ್ನು ತಡೆಯಲೆಂದು ಸಯಾನ್ಯೂರಿಕ್ ಆಮ್ಲವೆಂಬ ವಸ್ತುವಿನೊಡನೆ ಬೆಸೆದ ‘ಡೈಕ್ಲೋರ್’ ಪುಡಿ ಮಾರಾಟದಲ್ಲಿದೆ. ಅನುಕೂಲವೇನೋ ಸರಿ, ಆದರೆ ಪ್ರತಿ ಹತ್ತು ಪಾಲು ಕ್ಲೋರೀನಿನೊಡನೆ ಸುಮಾರು ಒಂಬತ್ತು ಪಾಲು ಆ ಆಮ್ಲವೂ ನೀರಿಗಿಳಿದು ಅಲ್ಲಿಯೇ ಉಳಿಯುತ್ತದೆ. ಅದು ಕೂಡುತ್ತ ಹೋದಂತೆ ಕ್ಲೋರೀನಿನ ಚುರುಕು ಕುಂದುತ್ತದೆ. ಆದಕಾರಣ ಅಮೆರಿಕದ ರೋಗನಿಯಂತ್ರಣ ಕೇಂದ್ರದವರು ಬಿಸಿನೀರ ತೊಟ್ಟಿಗೆ ಅದು ಬೇಡವೆನ್ನುತ್ತಾರೆ. ಅವರು ವಿಧಿಸುವ ಪ್ರಮಾಣ ಹತ್ತು ಲಕ್ಷ ಭಾಗ ನೀರಿಗೆ ಕನಿಷ್ಠ ಮೂರು ಭಾಗ ಸ್ವತಂತ್ರ ಕ್ಲೋರೀನ್; ಪಿ.ಎಚ್. ೭.೦ಕ್ಕೂ ೭.೮ಕ್ಕೂ ನಡುವೆ. ೧೫೦೦ ಲೀಟರಿನ ತೊಟ್ಟಿಗೆ ಮೂರು ಭಾಗವೆಂದರೆ ಬರಿಯ ನಾಲ್ಕೂವರೆ ಗ್ರಾಂ ಕ್ಲೋರೀನ್. ನಾಲ್ವರು ಒಂದು ಸಂಜೆ ಕುಳಿತೆದ್ದರೆ ಅದು ಮುಗಿದೇಹೋಗಿರಬಹುದು. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ತೋರುತ್ತಿರುತ್ತದೆ.

ಇಲ್ಲಿ ‘ಸ್ವತಂತ್ರ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಬೆವರಿನಲ್ಲಿಯೂ ಮೂತ್ರದಲ್ಲಿಯೂ ಸಾರಜನಕದ ಸಂಯುಕ್ತಗಳಿರುತ್ತವೆ. ಕ್ಲೋರೀನ್ ಅವುಗಳೊಡನೆ ಕೂಡಿದಾಗ ಕ್ಲೋರಮೈನ್‌ಗಳೆಂಬ ವಸ್ತುಗಳಾಗುತ್ತವೆ. ಹೀಗೆ ಬಂಧನಕ್ಕೆ ಬಿದ್ದ ಕ್ಲೋರೀನ್ ಕ್ರಿಮಿನಾಶದಲ್ಲಿ ಬಹು ನಿಧಾನಿ. ಕಣ್ಣುರಿಸುವುದರಲ್ಲಿಯೂ ಮೂಗು ಕೆರಳಿಸುವುದರಲ್ಲಿಯೂ ಬಹು ಚುರುಕು. ಈಜುಕೊಳದ ಹತ್ತಿರ ಹೋದೊಡನೆ ಬಡಿಯುವ ಘಾಟನ್ನು ‘ಅಬ್ಬ, ಎಷ್ಟು ಕ್ಲೋರೀನ್ ಸುರಿದಿದ್ದಾರೆ!’ ಎಂದು ಜನ ದೂರುವುದುಂಟು. ನಿಜ ಅದಕ್ಕೆ ವಿರುದ್ಧ. ಘಾಟು ದುಡಿದು ದಣಿದ ಕ್ಲೋರೀನಿನದು; ಚೆನ್ನಾಗಿ ಕಾದಿಟ್ಟ ನೀರಿಗೆ ವಾಸನೆಯೇ ಇಲ್ಲವೆನ್ನುವಷ್ಟು ಕಡಿಮೆ. ಮೂಗನ್ನು ನಂಬಿ ಕ್ಲೋರೀನ್ ನಿಲ್ಲಿಸಿದ ಮನೆಯವನು, ಇನ್ನಷ್ಟು ಕಾವಲು ಬೇಕಾದ ಗಳಿಗೆಯಲ್ಲಿಯೇ ಕಾವಲನ್ನು ತೆಗೆದುಹಾಕಿದಂತಾಯಿತು.

ಇದಕ್ಕಿರುವ ಮದ್ದನ್ನು ಅಮೆರಿಕನ್ನರು ‘ಷಾಕ್’ ಎಂದು ಕರೆಯುತ್ತಾರೆ. ಹೆಸರು ಭಯಂಕರವಾದರೂ ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಸಲಕ್ಕೆ ಧಾರಾಳವಾಗಿ ಕ್ಲೋರೀನ್ ಕೂಡಿಸುವುದೇ ಷಾಕ್. ಇದರ ತತ್ತ್ವವನ್ನು ೧೯೩೯-೪೦ರ ಸುಮಾರಿಗೆ ಕುಡಿಯುವ ನೀರಿನ ಇಂಜಿನಿಯರುಗಳು ಬಿಡಿಸಿದರು. ಅಮೋನಿಯ ಬೆರೆತ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಕ್ಲೋರೀನ್ ಹಾಕುತ್ತ ಹೋದರೆ ಮೊದಲು ಕ್ಲೋರಮೈನ್ ಬೆಳೆಯುತ್ತದೆ. ಇನ್ನೂ ಹಾಕಿದರೆ ಒಂದು ವಿಚಿತ್ರ ಸಂಭವಿಸುತ್ತದೆ: ಕ್ಲೋರೀನ್ ಕೂಡಿಸಿದಷ್ಟೂ ನೀರಿನಲ್ಲಿ ಅಳತೆಗೆ ಸಿಕ್ಕುವ ಕ್ಲೋರೀನ್ ಇಳಿಯುತ್ತದೆ! ಕ್ಲೋರಮೈನ್‌ಗಳೇ ಒಡೆದು, ಸಾರಜನಕ ಅನಿಲವಾಗಿ ಹಾರಿಹೋಗುತ್ತಿರುವ ಹಂತ ಅದು. ಅದು ಮುಗಿದ ಬಿಂದುವನ್ನು ದಾಟಿದ ಮೇಲೆ ಹಾಕಿದ ಕ್ಲೋರೀನೆಲ್ಲ ಸ್ವತಂತ್ರವಾಗಿಯೇ ಉಳಿಯುತ್ತದೆ.

ಅರ್ಧ ಹಾಕಿ ನಿಲ್ಲಿಸುವ ಜಿಪುಣತನ ಇಲ್ಲಿ ಏನೂ ಹಾಕದಿರುವುದಕ್ಕಿಂತಲೂ ಕೆಟ್ಟದ್ದಾಗಬಹುದು; ಘಾಟಿನ ಕ್ಲೋರಮೈನ್‌ಗಳು ಹೆಚ್ಚುವುದು ಆ ನಡುದಾರಿಯಲ್ಲಿಯೇ. ಬಳಕೆಯಲ್ಲಿರುವ ಲೆಕ್ಕ ಸುಲಭವಾದುದು. ಪರೀಕ್ಷೆಯ ಪೆಟ್ಟಿಗೆಯಿಂದ ಒಟ್ಟು ಕ್ಲೋರೀನನ್ನೂ ಸ್ವತಂತ್ರ ಕ್ಲೋರೀನನ್ನೂ ಅಳೆದು ಕಳೆದರೆ ಬಂಧಿತವೆಷ್ಟೆಂದು ತಿಳಿಯುತ್ತದೆ. ಅದರ ಹತ್ತರಷ್ಟು ಕ್ಲೋರೀನ್ ಕೂಡಿಸಬೇಕು. ಬಂಧಿತವು ಅರ್ಧ ಭಾಗವಿದ್ದರೆ ಐದು ಭಾಗ. ೧೫೦೦ ಲೀಟರಿಗೆ ಏಳೂವರೆ ಗ್ರಾಂ. ಮೊದಲು ಪಿ.ಎಚ್. ಸರಿಪಡಿಸಿ, ಬಿಸಿಲಿಳಿದ ಮೇಲೆ, ಪಂಪು ತಿರುಗುತ್ತಿರುವಾಗ, ಮುಚ್ಚಳ ತೆರೆದಿಟ್ಟು ಹಾಕುವುದು ಕ್ರಮ. ಮುಚ್ಚಿದರೆ ಹೊರಹೋಗಬೇಕಾದ ಅನಿಲ ಹೋಗದು. ಕ್ಲೋರೀನ್ ಎಂದಿನ ಮಟ್ಟಕ್ಕೆ ಇಳಿಯಿತೆಂದು ಪರೀಕ್ಷೆ ಹೇಳುವವರೆಗೆ ಯಾರೂ ಇಳಿಯಬಾರದು. ಷಾಕ್ ಸಹ ಸರ್ವೌಷಧವಲ್ಲ. ಕೊಳವೆಗಳ ಒಳಮೈಗೆ ಹತ್ತಿದ ಲೋಳೆಯ ಪದರದೊಳಗೆ ಕ್ಲೋರೀನ್ ಸುಲಭವಾಗಿ ಇಳಿಯದು. ಆಗಾಗ ನೀರೆಲ್ಲವನ್ನೂ ಚೆಲ್ಲಿ, ಕೊಳವೆಗಳನ್ನು ತೊಳೆದು, ಹೊಸನೀರು ತುಂಬಿಸದೆ ವಿಧಿಯಿಲ್ಲ.

ಕ್ಲೋರೀನಿನ ರೌದ್ರರೂಪವನ್ನೂ ಮರೆಯುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, ೧೯೧೫ರ ಏಪ್ರಿಲ್ ೨೨ರಂದು, ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಶತ್ರುಗಳ ಕಂದಕಗಳ ಮೇಲೆ ಹರಿಯಬಿಟ್ಟ ಹಸುರು ಹೊಗೆ ಇದೇ ಅನಿಲ. ಬ್ಲೀಚಿಂಗ್ ಪುಡಿಗೆ ಆಮ್ಲ ತಾಗಿದರೆ ಮನೆಯಂಗಳದಲ್ಲಿಯೇ ಅದು ಏಳುತ್ತದೆ. ಪಿ.ಎಚ್. ಇಳಿಸಲು ತಂದ ಆಮ್ಲವನ್ನೂ ಕ್ಲೋರೀನ್ ಪುಡಿಯನ್ನೂ ಒಂದೇ ಪಾತ್ರೆಯಲ್ಲಿ ಅಳೆಯುವುದು ಅತ್ಯಂತ ಅಪಾಯ. ಬೇರೆ ಬೇರೆ ಜಾತಿಯ ಕ್ಲೋರೀನ್ ಪುಡಿಗಳನ್ನು ಬೆರೆಸಿದರೂ ಸಿಡಿಯುವ ಸಂಭವವುಂಟು. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು.

ಹಾಲೆಂಡಿನ ದುರಂತ ನಡೆದ ಇಪ್ಪತ್ತು ವರ್ಷಗಳ ಮೇಲೆ, ೨೦೧೯ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಉತ್ತರ ಕ್ಯಾರೊಲೈನಾ ಸಂಸ್ಥಾನದ ಜಾತ್ರೆಯೊಂದರಲ್ಲಿ ಅಂತಹುದೇ ಘಟನೆ ಮರುಕಳಿಸಿತು. ಅಲ್ಲಿಯೂ ಮಾರಾಟಕ್ಕಿಟ್ಟಿದ್ದ ಬಿಸಿನೀರ ತೊಟ್ಟಿಗಳ ಕಡೆಗೇ ತನಿಖೆ ಬೆರಳು ತೋರಿಸಿತು. ೧೩೦ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ಸತ್ತರು. ಈ ರೋಗ ಎಳೆಯರನ್ನು ಬಹುಮಟ್ಟಿಗೆ ಬಿಟ್ಟು, ಐವತ್ತು ದಾಟಿದವರನ್ನೂ ಧೂಮಪಾನಿಗಳನ್ನೂ ಶ್ವಾಸಕೋಶ ದುರ್ಬಲವಾದವರನ್ನೂ ಆರಿಸಿ ಹಿಡಿಯುತ್ತದೆ. ವಿದೇಶದಲ್ಲಿರುವ ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಹೋಗುವ ತಂದೆತಾಯಿಯರ ವಯಸ್ಸೂ ಅದೇ. ಮಂಡಿನೋವಿಗೆ ಬಿಸಿನೀರು ಹಿತವೆಂದು ಮಕ್ಕಳು ಪ್ರೀತಿಯಿಂದಲೇ ಅವರನ್ನು ಕೂರಿಸುತ್ತಾರೆ.

ಕೂರುವ ಮುನ್ನ ಮಾಡಬೇಕಾದುದು ಒಂದು ನಿಮಿಷದ ಕೆಲಸ. ಬೆರಳಗಲದ ಪರೀಕ್ಷಾಕಾಗದವನ್ನು ನೀರಿಗದ್ದಿ ತೆಗೆದು, ಡಬ್ಬಿಯ ಮೇಲಿನ ಬಣ್ಣಗಳೊಡನೆ ಹೋಲಿಸಿದರೆ ಕ್ಲೋರೀನೂ ಪಿ.ಎಚ್.ಯೂ ತಿಳಿಯುತ್ತವೆ. ವಿಹಾರಗೃಹಗಳಲ್ಲಾದರೆ ಈ ಅಳತೆಯ ದಿನಚರಿಯನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ. ತೊಟ್ಟಿಯ ಒಳಗೋಡೆಗೆ ಕೈಯಾಡಿಸಿದಾಗ ಜಾರಿದರೆ, ಇಲ್ಲವೆ ಮೂಗಿಗೆ ಘಾಟು ಬಡಿದರೆ, ಆ ದಿನಕ್ಕೆ ಕೋಣೆಯ ಬಚ್ಚಲಿನ ಬಕೆಟ್ಟೂ ತಂಬಿಗೆಯೂ ಸಾಕು.